ರೋಗಿಯ ಲೆಕ್ಕ, ಊರಿನ ಲೆಕ್ಕ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ತಾನೇ ತಾಲ್ಲೂಕಾಗಲು ಇನ್ನೆರಡು ದಶಕ ಬೇಕಾಯಿತು. ಕಂದಾಯ ಕಚೇರಿಗೆ ಇದು ಕಡತ ಸಾಗಿಸುವ ಕೆಲಸ. ಸಾಂಕ್ರಾಮಿಕ ರೋಗದ ಜಾಡು ಹಿಡಿದವರಿಗೆ ಮಾತ್ರ ತಲೆನೋವು: ಹಳೆಯ ಶಿವಮೊಗ್ಗದ ಅಂಕಿಗಳನ್ನು ಹೊಸ ಶಿವಮೊಗ್ಗದ ಅಂಕಿಗಳ ಪಕ್ಕದಲ್ಲಿಟ್ಟರೆ, ಜ್ವರ ಇಳಿಯಿತೋ ಎರಡು ತಾಲ್ಲೂಕು ಆಚೆ ಹೋದವೋ ತಿಳಿಯುವುದಿಲ್ಲ.

ರೋಗವನ್ನು ಊರೂರಿನ ಅಂಕಿಗಳಲ್ಲಿ ಹಿಡಿಯುವ ವಿದ್ಯೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ್ದು ಕ್ಷಯದಿಂದ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಒಟ್ಟಿಗೆ ದುಡಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದ ಫಲವನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ರೋಗಿ ಬರುವುದಿಲ್ಲ ಎಂಬ ದೂರನ್ನು ಎಣಿಕೆಯೇ ಸುಳ್ಳಾಗಿಸಿತು.

ಮಲೆನಾಡಿನ ಕಥೆ ಇಷ್ಟು ನೇರವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ರೋಗ ಹರಡುವ ಉಣ್ಣೆ, ಮಂಗ, ದನ, ಮನುಷ್ಯ ಎಲ್ಲದರ ಲೆಕ್ಕವೂ ಒಂದೇ ಕಡೆ ಕೂಡಬೇಕಾಯಿತು. ಈ ಮಂಗನ ಕಾಯಿಲೆಗೆ ಲಸಿಕೆ ಬಂದ ಮೇಲೆ ಅಂಕಿಗಳ ಜಗಳ ಶುರುವಾಯಿತು. 1990ರ ದಶಕದ ಆರಂಭದ ಕ್ಷೇತ್ರ ಪರೀಕ್ಷೆ, ಎರಡು ಡೋಸು ಪಡೆದವರಲ್ಲಿ ಶೇ 93.5ರಷ್ಟು ರಕ್ಷಣೆ ಎಂದಿತ್ತು. 2005ರಿಂದ 2010ರ ದಾಖಲೆ ಜಾಲಾಡಿ 2013ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಶೇ 62ಕ್ಕೆ ಇಳಿಸಿತು. ಬೂಸ್ಟರ್ ಸೇರಿದರೆ ಶೇ 83. ಲಸಿಕೆಯನ್ನು ತೂಗಲು ರೋಗಿಗಳ ಪಟ್ಟಿಯೊಂದೇ ಸಾಲದು; ಚುಚ್ಚಿಸಿಕೊಂಡೂ ನೆಟ್ಟಗಿದ್ದವರು, ಚುಚ್ಚಿಸಿಕೊಳ್ಳದೆಯೂ ನೆಟ್ಟಗಿದ್ದವರು ಎಷ್ಟೆಂದು ಊರೂರಿನಲ್ಲಿ ಬರೆದಿಟ್ಟಿರಬೇಕು. ಯಾರೂ ನೆನಪಿಟ್ಟುಕೊಳ್ಳದ ಈ ನೆಟ್ಟಗಿದ್ದವರ ದಾಖಲೆಯೇ ಸಂಶೋಧನೆಯ ಬೆನ್ನೆಲುಬು ಎಂದು ನಾನು ನಂಬುತ್ತೇನೆ. 2022ರಲ್ಲಿ ಆ ಲಸಿಕೆಯೇ ನಿಂತಿತು.

2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆ ಕೆಲಸವನ್ನು ಮೂರು ನಮೂನೆಗಳಿಗೆ ಹಂಚಿತು: ಉಪಕೇಂದ್ರದ ಆರೋಗ್ಯ ಸಹಾಯಕಿ ಕಂಡ ಲಕ್ಷಣ, ವೈದ್ಯರ ಶಂಕೆ, ಪ್ರಯೋಗಾಲಯದ ಖಾತ್ರಿ. 2018ರ ಬಳಿಕ ಕಂಪ್ಯೂಟರ್ ವೇದಿಕೆ ಬಂದು ವಾರದ ವರದಿಯ ಜಾಗದಲ್ಲಿ ದಿನದಿನದ ಮಾಹಿತಿ ಹರಿಯತೊಡಗಿತು. ರೋಗಿಗಳ ಸಂಖ್ಯೆ ಹೀಗೆ ಚುರುಕಾಯಿತು, ಅದನ್ನು ಭಾಗಿಸಬೇಕಾದ ಜನಸಂಖ್ಯೆ ಆಗಲಿಲ್ಲ. 2011ರ ಜನಗಣತಿಯ ತಾಲ್ಲೂಕು ಪಟ್ಟಿಯಲ್ಲಿ ನ್ಯಾಮತಿಯೇ ಇಲ್ಲ. ಅಲ್ಲಿ ಡೆಂಗಿ ದರ ಹೇಳಬೇಕಾದರೆ ಹೊನ್ನಾಳಿಯ ಹಳ್ಳಿಗಳನ್ನು ಹೆಕ್ಕಿ ಹೆಕ್ಕಿ ಕೂಡಿಸಬೇಕು.

ಬ್ರಿಟನ್ನಿನ ಪರಿಸರ ವಿಜ್ಞಾನಿಗಳು ಇಲ್ಲಿನ ಸಂಶೋಧಕರು ಮತ್ತು ಆರೋಗ್ಯ ಇಲಾಖೆಯೊಂದಿಗೆ ಕೂಡಿ 2020ರಲ್ಲಿ ಪ್ರಕಟಿಸಿದ ಮಂಗನ ಕಾಯಿಲೆಯ ಅಪಾಯ ನಕ್ಷೆ ಈ ಕ್ಷೇತ್ರದ ಒಳ್ಳೆಯ ಮಾದರಿ. ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಹೆಣೆದುಕೊಂಡಲ್ಲಿ, ನಾಟಿ ದನ ಹೆಚ್ಚಿರುವಲ್ಲಿ ಅಪಾಯ ಜಾಸ್ತಿ ಎಂದಿತು ಅದು. ಲೆಕ್ಕ ಹಾಕಿದ್ದು ಶಿವಮೊಗ್ಗದ ಅಂಕಿಗಳಿಂದ. ಅದನ್ನೇ ಎಳೆದು ತಂದು ಚನ್ನಗಿರಿಯ ಅಡಿಕೆ ತೋಟಕ್ಕೋ ಜಗಳೂರಿನ ಬಯಲಿಗೋ ಹೊದಿಸುವಂತಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೋವಿಡ್ ಎಷ್ಟು ಹರಡಿದೆ ಎಂದು ರಾಜ್ಯ ಸರ್ಕಾರ ಸಮೀಕ್ಷೆ ಮಾಡಿಸಿತು. ಭಾರತೀಯ ವಿಜ್ಞಾನ ಸಂಸ್ಥೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗಣಿತಜ್ಞರು ವೈದ್ಯರ ಜತೆ ಕೂತು, ಪರೀಕ್ಷೆ ಎಡವುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದು, ರಾಜ್ಯದ ಶೇ 27.3 ಜನರಿಗೆ ಸೋಂಕು ತಗುಲಿದೆ ಎಂದು ಅಂದಾಜಿಸಿದರು. ಬೆಂಗಳೂರನ್ನು ವಲಯ ವಲಯವಾಗಿ ಅಳೆದ ಆ ಸಮೀಕ್ಷೆಗೆ ಉಳಿದೆಡೆ ಜಿಲ್ಲೆಯೇ ಘಟಕ. ಹಾಗಾಗಿ ದಾವಣಗೆರೆ ನಗರಕ್ಕೂ ಜಗಳೂರಿನ ಕುಗ್ರಾಮಕ್ಕೂ ಅದರಲ್ಲಿ ಸಿಕ್ಕಿದ್ದು ಒಂದೇ ಅಂಕಿ. ತಾಲ್ಲೂಕಿಗೊಂದು ಬೇಕೆಂದರೆ ಮಾದರಿ ಹಲವು ಪಟ್ಟು ದೊಡ್ಡದಾಗಬೇಕು, ಖರ್ಚೂ ಅಷ್ಟೇ.