ವಿದ್ಯಾರ್ಥಿ ಉತ್ಸವಗಳಲ್ಲಿ ಮಹಿಳಾ ದೌರ್ಜನ್ಯ ತಡೆ

ಕಾಲೇಜು ಡೇ, ಫೆಸ್ಟ್, ಯುವಜನೋತ್ಸವ, ಕ್ರೀಡಾಕೂಟಗಳಲ್ಲಿ ವಿದ್ಯಾರ್ಥಿನಿಯರ ಮೇಲೆ ನಡೆಯುವ ಲೈಂಗಿಕ ಕಿರುಕುಳ, ಹಲ್ಲೆಗಳನ್ನು ತಡೆಯಲು ರೂಪುಗೊಂಡ ಕಾನೂನು ಮತ್ತು ಸಾಂಸ್ಥಿಕ ವ್ಯವಸ್ಥೆ. ಈ ಲೇಖನ ಮುಖ್ಯವಾಗಿ ಭಾರತವನ್ನು ಕುರಿತದ್ದು. ತರಗತಿಯಲ್ಲಿ, ಪ್ರಯೋಗಾಲಯದಲ್ಲಿ ಕಿರುಕುಳ ಕೊಟ್ಟವನು ಸಾಮಾನ್ಯವಾಗಿ ಗುರುತಿನವನು. ಫೆಸ್ಟ್‌ನ ನೂಕುನುಗ್ಗಲಿನಲ್ಲಿ ಅವನು ಹೆಸರೇ ತಿಳಿಯದ ಹೊರಗಿನವನಾಗಿರಬಹುದು. ತಡೆಯ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ಉದ್ಯೋಗಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ವಿಶಾಖಾ ತೀರ್ಪಿನ (1997) ಬೆನ್ನಿಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ 1999ರಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇದ್ದ, ಇಂಥ ದೂರುಗಳನ್ನು ವಿಚಾರಿಸುವ ಸಮಿತಿಯೊಂದನ್ನು ರಚಿಸಿತು. 'ಜಿಎಸ್‌ಕ್ಯಾಶ್' ಎಂದೇ ಹೆಸರಾದ ಇದನ್ನು 2017ರಲ್ಲಿ ವಿವಾದದ ನಡುವೆ ಕೈಬಿಡಲಾಯಿತು. 2012ರ ಡಿಸೆಂಬರಿನ ದೆಹಲಿ ಅತ್ಯಾಚಾರ ಪ್ರಕರಣದ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನೇಮಿಸಿದ ಕಾರ್ಯಪಡೆ 2013ರಲ್ಲಿ 'ಸಕ್ಷಮ್' ವರದಿ ಕೊಟ್ಟಿತು. ಉದ್ಯೋಗಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದದ್ದೂ ಅದೇ ವರ್ಷ.

ಯುಜಿಸಿ ನಿಯಮಗಳು

2015ರ ಹೆಸರು ಹೊತ್ತು 2016ರ ಮೇ 2ರಂದು ಜಾರಿಗೆ ಬಂದ, ಲೈಂಗಿಕ ಕಿರುಕುಳ ತಡೆಯ ಯುಜಿಸಿ ನಿಯಮಗಳು ಕರ್ನಾಟಕವೂ ಸೇರಿ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುತ್ತವೆ. ಇವುಗಳ ನಿಜವಾದ ಮಹತ್ವ 'ಕ್ಯಾಂಪಸ್' ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿದೆ. ಕಟ್ಟಡ, ಹಾಸ್ಟೆಲು, ಮೈದಾನಗಳಷ್ಟೇ ಅಲ್ಲ. ಅಧ್ಯಯನ ಪ್ರವಾಸ, ಇಂಟರ್ನ್‌ಶಿಪ್, ಪ್ರಯಾಣದ ವಾಹನ, ಶಿಬಿರ, ಸಾಂಸ್ಕೃತಿಕ ಉತ್ಸವ, ಕ್ರೀಡಾಕೂಟ ನಡೆಯುವ ಜಾಗವೂ ಅದರೊಳಗೆ ಬರುತ್ತದೆ. ಬಾಡಿಗೆ ಸಭಾಂಗಣದಲ್ಲಿ ಫೆಸ್ಟ್ ನಡೆಸಿ 'ಅದು ನಮ್ಮ ಆವರಣವಲ್ಲ' ಎನ್ನಲು ಆಡಳಿತಕ್ಕೆ ಹೀಗಾಗಿ ಅವಕಾಶ ಕಡಿಮೆ.

ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ದರೆ ಆಂತರಿಕ ದೂರು ಸಮಿತಿಯಲ್ಲಿ ಮೂವರು ಚುನಾಯಿತ ವಿದ್ಯಾರ್ಥಿಗಳಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ದೂರಿಗೆ ಘಟನೆಯಿಂದ 3 ತಿಂಗಳ ಗಡುವು, ಕಾರಣವಿದ್ದರೆ ಇನ್ನೂ 3 ತಿಂಗಳು. ವಿಚಾರಣೆಗೆ 90 ದಿನ.

ಹೊರಗಿನವರಿಂದಾಗುವ ಕಿರುಕುಳವನ್ನೂ ನಿಯಮಗಳು ಹೆಸರಿಸಿವೆ. ಆದರೆ ಸಮಿತಿಯ ಶಿಕ್ಷೆ ಅಮಾನತು, ಉಚ್ಚಾಟನೆಗಳಂಥದ್ದು. ಅದು ತಟ್ಟುವುದು ಸಂಸ್ಥೆಯ ವಿದ್ಯಾರ್ಥಿಗಳಿಗೆ, ನೌಕರರಿಗೆ. ಗೋಡೆ ಹಾರಿ ಬಂದವನ ಮಟ್ಟಿಗೆ ಉಳಿಯುವುದು ಪೊಲೀಸ್ ಠಾಣೆಯೇ. 2024ರ ಜುಲೈ 1ರಿಂದ ಇಂಥ ಕೃತ್ಯಗಳು ಭಾರತೀಯ ನ್ಯಾಯ ಸಂಹಿತೆಯ 74ರಿಂದ 79ನೇ ಕಲಮುಗಳಡಿ ಬರುತ್ತವೆ.

ದೆಹಲಿಯ ಪ್ರಕರಣಗಳು

2020ರ ಫೆಬ್ರುವರಿ 6ರಂದು ಗಾರ್ಗಿ ಮಹಿಳಾ ಕಾಲೇಜಿನ 'ರೆವೆರಿ' ಉತ್ಸವಕ್ಕೆ ಗುಂಪುಗಳು ನುಗ್ಗಿ ವಿದ್ಯಾರ್ಥಿನಿಯರ ಮೈಮೇಲೆ ಕೈಹಾಕಿದವೆಂಬ ಆರೋಪ ಬಂತು. ವಿದ್ಯಾರ್ಥಿನಿಯರು ಜಾಲತಾಣಗಳಲ್ಲಿ ಬರೆದುಕೊಂಡ ಮೇಲೆ ಸುದ್ದಿ ಹಬ್ಬಿ, ಎಫ್‌ಐಆರ್ ದಾಖಲಾದದ್ದು 10ರಂದು. ಹತ್ತು ಮಂದಿಯ ಬಂಧನವಾಯಿತು. ಸಿಬಿಐ ತನಿಖೆ ಕೋರಿದ ಅರ್ಜಿ ದೆಹಲಿ ಹೈಕೋರ್ಟ್ ಮುಟ್ಟಿತು. 2022ರ ಅಕ್ಟೋಬರಿನಲ್ಲಿ ಮಿರಾಂಡಾ ಹೌಸ್‌ನ ದೀಪಾವಳಿ ಮೇಳದಲ್ಲೂ 2023ರ ಮಾರ್ಚ್‌ನಲ್ಲಿ ಇಂದ್ರಪ್ರಸ್ಥ ಮಹಿಳಾ ಕಾಲೇಜಿನ ಉತ್ಸವದಲ್ಲೂ ಗಂಡಸರು ಕಾಂಪೌಂಡು ಹತ್ತಿ ಒಳಬಂದರು. ಮೂರೂ ಮಹಿಳಾ ಕಾಲೇಜುಗಳೆಂಬುದು ಕಾಕತಾಳೀಯವಾಗಿರಲಾರದು. ಆದರೂ ಸಹಶಿಕ್ಷಣದ ಕಾಲೇಜುಗಳಲ್ಲಿ ಇಂಥದ್ದು ಕಡಿಮೆ ಎಂದು ಇಷ್ಟರಿಂದಲೇ ತೀರ್ಮಾನಿಸಲಾಗದು.

ತಡೆಕ್ರಮಗಳು

ಪೊಲೀಸರ ನಿರಾಕ್ಷೇಪಣಾ ಪತ್ರ, ಹೊರಗಿನವರಿಗೆ ಪೂರ್ವನೋಂದಣಿ, ಗೇಟಿನಲ್ಲಿ ಸಿಸಿಟಿವಿ ಇವು ದೆಹಲಿಯ ಘಟನೆಗಳ ನಂತರ ಒತ್ತು ಪಡೆದ ಕ್ರಮಗಳು. ಸಾಕಷ್ಟು ಬೆಳಕು, ಮಹಿಳಾ ಭದ್ರತಾ ಸಿಬ್ಬಂದಿ, ರಾತ್ರಿ ಮರಳಲು ವಾಹನ ಇವನ್ನು ಯುಜಿಸಿ ಮೊದಲೇ ಹೇಳಿತ್ತು. ಕಾರ್ಯಕ್ರಮವನ್ನೇ ಬೇಗ ಮುಗಿಸುವುದು ಆಡಳಿತಕ್ಕೆ ಸುಲಭ. ಆದರೆ ಸುರಕ್ಷತೆಯ ನೆಪದಲ್ಲಿ ಹಾಸ್ಟೆಲಿನ ಹುಡುಗಿಯರಿಗೆ ಮಾತ್ರ ನಿರ್ಬಂಧ ಹೇರಬಾರದೆಂದು ಅವೇ ನಿಯಮಗಳಲ್ಲಿದೆ; 2015ರಲ್ಲಿ ಆರಂಭವಾದ ವಿದ್ಯಾರ್ಥಿನಿಯರ 'ಪಿಂಜ್ರಾ ತೋಡ್' ಚಳವಳಿಯ ಮುಖ್ಯ ತಕರಾರೂ ಇಂಥ ನಿರ್ಬಂಧಗಳ ಬಗ್ಗೆಯೇ ಇತ್ತು.

ಇತರ ದೇಶಗಳು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ಕಣ್ಣೆದುರು ನಡೆಯುವುದನ್ನು ಕಂಡವರು ಹೇಗೆ ಮಧ್ಯಪ್ರವೇಶಿಸಬೇಕೆಂಬ ತರಬೇತಿ ರೂಢಿಯಲ್ಲಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 2017ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಕಾನೂನು ವಿದ್ಯಾರ್ಥಿಗಳು ನಡೆಸುವ ಸ್ವಾಗತ ಸಮಾರಂಭಗಳನ್ನೂ ಸಂಸ್ಥೆಯ ತಡೆನೀತಿಯೊಳಗೆ ತರುವುದನ್ನು ಕಡ್ಡಾಯ ಮಾಡಿದೆ.