ಸಮುದ್ರ ಮಟ್ಟ ಮಾಪನ ಮತ್ತು ಕರಾವಳಿ ನಿರ್ವಹಣೆ: ಭಾರತದ ಚರಿತ್ರೆ

ಕಡಲ ನೀರಿನ ಮಟ್ಟವನ್ನು ದಡದ ಮೇಲಿನ ಸ್ಥಿರ ಗುರುತಿನೊಂದಿಗೆ ಹೋಲಿಸಿ ವರ್ಷಗಟ್ಟಲೆ ದಾಖಲಿಸುವ ಕೆಲಸವೇ ಸಮುದ್ರ ಮಟ್ಟ ಮಾಪನ. ಭಾರತದಲ್ಲಿ ಇದು ವ್ಯವಸ್ಥಿತವಾಗಿ ಆರಂಭವಾದದ್ದು 1870ರ ದಶಕದಲ್ಲಿ. ಮೊದಲು ಭೂಮಾಪನಕ್ಕೂ ಹಡಗು ಸಂಚಾರಕ್ಕೂ ಬೇಕಾಗಿದ್ದ ಈ ವಿದ್ಯೆ, 1991ರ ನಂತರ ಕಡಲತಡಿಯಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಹೇಳುವ ಕಾನೂನಿಗೂ ಬೇಕಾಯಿತು. ಈ ವಿಷಯದ ಬರಹಗಳಲ್ಲಿ ಮೂರು ಸಂಗತಿಗಳು ಪದೇ ಪದೇ ಕಲಸಿಹೋಗುತ್ತವೆ: ನಕ್ಷೆಗಳ ಸೊನ್ನೆ ಮಟ್ಟ, ಕಾಲಕ್ರಮದಲ್ಲಿ ಕಡಲು ಏರುವ ಪ್ರಮಾಣ ಮತ್ತು ಕಾನೂನು ಗುರುತಿಸುವ ಉಬ್ಬರ ರೇಖೆ. ಮೂರಕ್ಕೂ ಉಬ್ಬರ-ಇಳಿತಗಳ ಅಳತೆಯೇ ಬುನಾದಿ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದವು.

ಆರಂಭ: 1873–1909

1819ರ ಭೂಕಂಪದಲ್ಲಿ ಕಛ್‌ನ ರಣದ ಒಂದು ಭಾಗ ಕುಸಿದು, ಇನ್ನೊಂದು ಭಾಗ ದಿಬ್ಬವಾಗಿ ಮೇಲೆದ್ದಿತ್ತು. ಅಲ್ಲಿನ ನೆಲ ಈಗಲೂ ಏಳುತ್ತಿದೆಯೋ ತಗ್ಗುತ್ತಿದೆಯೋ ಎಂದು ತಿಳಿಯಲು ಮಹಾ ತ್ರಿಕೋನಮಿತಿ ಸರ್ವೆಯ ಮುಖ್ಯಸ್ಥ ಜೇಮ್ಸ್ ವಾಕರ್ ಕಡಲನ್ನೇ ಅಳತೆಗೋಲಾಗಿ ಬಳಸಲು ಹೊರಟರು. ಎ. ಡಬ್ಲ್ಯು. ಬೇರ್ಡ್ ಎಂಬ ಸೇನಾ ಎಂಜಿನಿಯರ್ 1873ರಿಂದ ಕಛ್ ಕೊಲ್ಲಿಯ ಓಖಾ, ಹನ್ಸ್ತಲ್ ಮತ್ತು ನವಾನಾರ್‌ಗಳಲ್ಲಿ ಉಬ್ಬರಮಾಪಕಗಳನ್ನು ಸ್ಥಾಪಿಸಿದರು. ಬಾವಿಯಂತಹ ಕೊಳವೆಯೊಳಗೆ ತೇಲುವ ಬೆಂಡು, ಅದಕ್ಕೆ ಕಟ್ಟಿದ ಪೆನ್ಸಿಲು, ಗಡಿಯಾರದ ಬಲದಿಂದ ತಿರುಗುವ ಉರುಳೆಗೆ ಸುತ್ತಿದ ಕಾಗದ: ಯಂತ್ರದ ಮುಖ್ಯ ಭಾಗಗಳು ಇಷ್ಟೇ. ಕೊಳವೆಯ ಕಿರಿದಾದ ಕಂಡಿ ಅಲೆಗಳ ಅಬ್ಬರವನ್ನು ತಡೆದು ಉಬ್ಬರ-ಇಳಿತವನ್ನಷ್ಟೇ ಒಳಬಿಡುತ್ತಿತ್ತು.

1877ರಲ್ಲಿ ಸರಕಾರದ ಆದೇಶದಂತೆ ಈ ಕೆಲಸ ಏಡನ್‌ನಿಂದ ರಂಗೂನ್ ಮತ್ತು ಪೋರ್ಟ್‌ಬ್ಲೇರ್‌ವರೆಗಿನ ಬಂದರುಗಳಿಗೆ ಹಬ್ಬಿತು. ಮುಂಬಯಿಯ ಅಪೊಲೊ ಬಂದರಿನಲ್ಲಿ 1878ರಲ್ಲಿ ಶುರುವಾದ ದಾಖಲೆ ಹಿಂದೂ ಮಹಾಸಾಗರದ ಅತಿ ದೀರ್ಘ ಸಮುದ್ರ ಮಟ್ಟ ದಾಖಲೆಗಳಲ್ಲಿ ಒಂದಾಗಿ ಬೆಳೆದಿದೆ. ಕಾರವಾರವೂ ಈ ಮೊದಲ ತಲೆಮಾರಿನ ಠಾಣೆಗಳಲ್ಲಿ ಒಂದು. ಅಂಕಿಗಳ ಗಣಿತ ವಿಶ್ಲೇಷಣೆಯಲ್ಲಿ ಜಾರ್ಜ್ ಡಾರ್ವಿನ್ ಜೊತೆಗೂಡಿದರು. ಎಡ್ವರ್ಡ್ ರಾಬರ್ಟ್ಸ್ ವಿನ್ಯಾಸಗೊಳಿಸಿದ ಗಾಲಿ-ರಾಟೆಗಳ ಮುನ್ಸೂಚನಾ ಯಂತ್ರ 1879ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಯಿತು. ಭಾರತದ ಬಂದರುಗಳ ಉಬ್ಬರ ಪಟ್ಟಿಗಳು ಅದರಿಂದ ಅಚ್ಚಾಗತೊಡಗಿದವು. 1921ರಲ್ಲಿ ಆ ಯಂತ್ರ ಡೆಹ್ರಾಡೂನ್‌ಗೆ ಬಂತು.

ಯಾರೂ ನಿರೀಕ್ಷಿಸದ ಲಾಭವೊಂದು ಇದೇ ಅವಧಿಯಲ್ಲಿ ಒದಗಿತು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಭೂಕಂಪವಾದಾಗ ಎದ್ದ ಸುನಾಮಿಯನ್ನು ಬಂಗಾಳ ಕೊಲ್ಲಿಯ ಸುತ್ತಲಿನ ಮಾಪಕಗಳು ಗುರುತಿಸಿದವು. 1883ರ ಆಗಸ್ಟಿನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸ್ಫೋಟಿಸಿದಾಗ ಎದ್ದ ಅಲೆಗಳೂ ಭಾರತದ ಕಾಗದದ ಸುರುಳಿಗಳಲ್ಲಿ ಮೂಡಿದವು. ಬೇರ್ಡ್ ಆ ಬಗ್ಗೆ ರಾಯಲ್ ಸೊಸೈಟಿಗೆ ವರದಿ ಕೊಟ್ಟರು. 1881ರ ಗೆರೆಗಳನ್ನು ಓರ್ಟಿಸ್ ಮತ್ತು ಬಿಲ್ಹಮ್ ಎಂಬ ವಿಜ್ಞಾನಿಗಳು 2003ರಲ್ಲಿ ಮತ್ತೆ ಓದಿ, ಆ ಭೂಕಂಪದ ಪ್ರಮಾಣ ಸುಮಾರು 7.9 ಎಂದು ಲೆಕ್ಕ ಹಾಕಿದರು. ಹಡಗುಗಳಿಗಾಗಿ ಬರೆದಿಟ್ಟ ದಾಖಲೆ ಶತಮಾನದ ಬಳಿಕ ಭೂಕಂಪ ವಿಜ್ಞಾನಕ್ಕೆ ಸಾಕ್ಷಿ ನುಡಿಯಿತು.

1909ರ ಸೊನ್ನೆ ಮಟ್ಟ

ದೇಶದ ಎತ್ತರಗಳನ್ನೆಲ್ಲ ಎಲ್ಲಿಂದ ಎಣಿಸಬೇಕು? 1858ರಲ್ಲಿ ಶುರುವಾದ ನಿಖರ ಮಟ್ಟ ಅಳತೆ 1909ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದರಾಸು, ವಿಶಾಖಪಟ್ಟಣ ಮತ್ತು ಒಡಿಶಾದ ಫಾಲ್ಸ್ ಪಾಯಿಂಟ್ ಎಂಬ ಒಂಬತ್ತು ಠಾಣೆಗಳ ಸರಾಸರಿ ಸಮುದ್ರ ಮಟ್ಟವನ್ನು ಸೊನ್ನೆ ಎಂದು ಹಿಡಿದು ಇಡೀ ಜಾಲವನ್ನು ಹೊಂದಿಸಲಾಯಿತು. ಎಸ್. ಜಿ. ಬರಾರ್ಡ್ ಇದರ ವಿವರವನ್ನು ಮಹಾ ತ್ರಿಕೋನಮಿತಿ ಸರ್ವೆಯ ಸಂಪುಟವಾಗಿ ಪ್ರಕಟಿಸಿದರು. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಕಾಣುವ ಸಮುದ್ರ ಮಟ್ಟದಿಂದೆತ್ತರದ ಅಂಕಿಯ ಹಿಂದಿರುವುದು ಇದೇ ಪದ್ಧತಿ.

ಒಂಬತ್ತೂ ಕಡೆ ಕಡಲು ಒಂದೇ ಮಟ್ಟದಲ್ಲಿದೆ ಎಂಬ ಊಹೆ ಇದರೊಳಗೆ ಅಡಗಿತ್ತು. ಸರ್ವೆಯ ಸ್ವಂತ ಅಳತೆಗಳೇ ಅದನ್ನು ಒಪ್ಪಲಿಲ್ಲ: ನೆಲದ ಮೂಲಕ ಮಟ್ಟ ಹಿಡಿದು ಸಾಗಿದರೆ ವಿಶಾಖಪಟ್ಟಣದ ಕಡಲು ಮುಂಬಯಿಯ ಕಡಲಿಗಿಂತ ಸುಮಾರು 30 ಸೆಂಟಿಮೀಟರ್ ಮೇಲಿತ್ತು. ಸಾವಿರಾರು ಕಿಲೋಮೀಟರ್ ಉದ್ದದ ಅಳತೆಯಲ್ಲಿ ಸಣ್ಣ ಸಣ್ಣ ತಪ್ಪುಗಳು ಕೂಡಿ ಹೀಗಾಗಿರಬಹುದೇ, ಅಥವಾ ವ್ಯತ್ಯಾಸ ನಿಜವೇ? 2001ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಎಸ್. ಆರ್. ಶೆಟ್ಯೆ ವ್ಯತ್ಯಾಸ ನಿಜವೆಂದೂ ಅದಕ್ಕೆ ಬಹುಮಟ್ಟಿಗೆ ಉಪ್ಪಿನ ಅಂಶವೇ ಕಾರಣವೆಂದೂ ತೋರಿಸಿದರು. ಗಂಗೆ, ಬ್ರಹ್ಮಪುತ್ರೆ, ಗೋದಾವರಿಯಂಥ ನದಿಗಳೂ ಮಳೆಯೂ ಬಂಗಾಳ ಕೊಲ್ಲಿಗೆ ಅಪಾರ ಸಿಹಿನೀರು ತುಂಬುತ್ತವೆ. ಉಪ್ಪು ಕಡಿಮೆಯಿರುವ ನೀರು ಹಗುರ. ಹಗುರ ನೀರಿನ ಮೇಲ್ಮೈ ತುಸು ಎತ್ತರದಲ್ಲಿ ನಿಲ್ಲುತ್ತದೆ. ಸಮುದ್ರ ಮಟ್ಟ ಎಂಬುದು ಎಲ್ಲೆಡೆ ಒಂದೇ ಆಗಿರುವ ಸ್ಥಿರಾಂಕವಲ್ಲ ಎಂಬ ಈ ತಿಳಿವು ಕರಾವಳಿ ನಿರ್ವಹಣೆಗೂ ಬಹಳ ಮುಖ್ಯ.

ಏರಿಕೆಯ ಲೆಕ್ಕ

1933ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪನೆಯಾದ ಸರಾಸರಿ ಸಮುದ್ರ ಮಟ್ಟದ ಕಾಯಂ ಸೇವಾ ಸಂಸ್ಥೆ ಲೋಕದ ಮಾಪಕಗಳ ಅಂಕಿಗಳನ್ನು ಒಂದೆಡೆ ಸೇರಿಸತೊಡಗಿತು. ಭಾರತದ ದಾಖಲೆಗಳಿಂದ ದೀರ್ಘಕಾಲದ ಏರಿಕೆಯನ್ನು ಹೆಕ್ಕುವುದು ಸುಲಭವಿರಲಿಲ್ಲ. ಋತುಮಾನದ ಏರಿಳಿತವೇ ಇಲ್ಲಿ ದೊಡ್ಡದು. ಕೇರಳ ಮತ್ತು ದಕ್ಷಿಣ ಕರ್ನಾಟಕದ ತೀರದಲ್ಲಿ ಮಳೆಗಾಲದಲ್ಲಿ ಅಲೆಗಳು ಉಗ್ರವಾಗಿದ್ದರೂ ಸರಾಸರಿ ಮಟ್ಟ ಆಗ ತಗ್ಗಿರುತ್ತದೆ, ಚಳಿಗಾಲದ ಆರಂಭದಲ್ಲಿ ಏರುತ್ತದೆ. ತೀರದ ಪ್ರವಾಹಗಳು ದಿಕ್ಕು ಬದಲಿಸುವುದೇ ಇದಕ್ಕೆ ಕಾರಣ. ದಶಕಗಳ ಅಳತೆಯಲ್ಲಿ ನೋಡಿದರೆ ಮುಂಬಯಿಯ ಮಟ್ಟ ದೇಶದ ಮುಂಗಾರು ಮಳೆಯ ಹೆಚ್ಚು-ಕಡಿಮೆಯೊಂದಿಗೆ ಸಾಗುತ್ತದೆ ಎಂದು ಶಂಕರ್ ಮತ್ತು ಶೆಟ್ಯೆ 1999ರಲ್ಲಿ ತೋರಿಸಿದ್ದರು.

2007ರಲ್ಲಿ ಎ. ಎಸ್. ಉಣ್ಣಿಕೃಷ್ಣನ್ ಮತ್ತು ಶಂಕರ್ ಉತ್ತರ ಹಿಂದೂ ಮಹಾಸಾಗರದ ದೀರ್ಘ ದಾಖಲೆಗಳನ್ನು ಪರಿಶೀಲಿಸಿ, ಏರಿಕೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್, ಸರಾಸರಿ 1.29 ಮಿಲಿಮೀಟರ್ ಎಂದರು. ಹೂಗ್ಲಿಯ ಡೈಮಂಡ್ ಹಾರ್ಬರ್‌ನಲ್ಲಿ ಮಾತ್ರ 5.74 ಮಿಲಿಮೀಟರ್ ಬಂತು. ಈ ಅಂಕಿಯನ್ನು ಬಂಗಾಳದ ಕಡಲೇ ಅಷ್ಟು ವೇಗವಾಗಿ ಏರುತ್ತಿದೆ ಎಂದು ಓದುವುದು ರೂಢಿ. ವಾಸ್ತವದಲ್ಲಿ ಮಾಪಕ ನಿಂತಿರುವ ಮುಖಜಭೂಮಿಯ ನೆಲವೇ ಕುಸಿಯುತ್ತಿದೆ. ಮಾಪಕಕ್ಕೆ ನೀರು ಏರಿದ್ದೂ ನೆಲ ಇಳಿದದ್ದೂ ಒಂದೇ ಆಗಿ ಕಾಣುತ್ತದೆ. ಅಲ್ಲಿನ ನಿವಾಸಿಗೆ ಎರಡರ ಮೊತ್ತವೇ ಅಪಾಯ. ಜಾಗತಿಕ ಏರಿಕೆಯ ಲೆಕ್ಕಕ್ಕೆ ಮಾತ್ರ ಆ ಎರಡನ್ನು ಬೇರ್ಪಡಿಸಲೇಬೇಕು.

1992ರಿಂದ ಉಪಗ್ರಹಗಳು ಕಡಲ ಮೇಲ್ಮೈಯ ಎತ್ತರವನ್ನು ನಿರಂತರವಾಗಿ, ನಿಖರವಾಗಿ ಅಳೆಯತೊಡಗಿದವು. 2013ರಲ್ಲಿ ಭಾರತ ಮತ್ತು ಫ್ರಾನ್ಸ್ ಜಂಟಿಯಾಗಿ ಸರಳ್ ಉಪಗ್ರಹವನ್ನು ಹಾರಿಸಿದವು. 1993–2012ರ ಉಪಗ್ರಹ ದಾಖಲೆ ಉತ್ತರ ಹಿಂದೂ ಮಹಾಸಾಗರಕ್ಕೆ ವರ್ಷಕ್ಕೆ 3.2 ಮಿಲಿಮೀಟರ್ ಏರಿಕೆ ತೋರಿಸಿತು. ಹಳೆಯ 1.29ರ ಪಕ್ಕದಲ್ಲಿ ಇದನ್ನಿಟ್ಟು ಒಂದು ತಪ್ಪು, ಇನ್ನೊಂದು ಸರಿ ಎನ್ನುವುದು ಸಲ್ಲದು: ಮೊದಲನೆಯದು ಹಲವು ದಶಕಗಳ ತೀರದ ಸರಾಸರಿ, ಎರಡನೆಯದು ಆ ಎರಡು ದಶಕಗಳ ತೆರೆದ ಕಡಲಿನದು. ಉಪಗ್ರಹದ ಅಳತೆ ದಡಕ್ಕೆ ಹತ್ತಿರವಾದಷ್ಟೂ ಕಷ್ಟವಾಗುವುದರಿಂದ ಉಬ್ಬರಮಾಪಕದ ಅಗತ್ಯ ತಪ್ಪಿಲ್ಲ.

ಅಳತೆಯಿಂದ ಕಾನೂನಿಗೆ

1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಗರಿಷ್ಠ ಉಬ್ಬರದಿಂದ 500 ಮೀಟರ್ ಜಾಗವನ್ನು ತೆರವಾಗಿಡಲು ಸೂಚಿಸಿದರು. 1991ರ ಫೆಬ್ರುವರಿ 19ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ಅಳತೆಗಳೆಲ್ಲ ಹೊರಡುವುದು ಉಬ್ಬರ ರೇಖೆಯಿಂದ, ಅಂದರೆ ಹುಣ್ಣಿಮೆ-ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ನೀರು ಮುಟ್ಟುವ ಗೆರೆಯಿಂದ. ಆ ಗೆರೆಯನ್ನು ನೆಲದ ಮೇಲೆ ಎಲ್ಲ ಕಡೆ ಒಂದೇ ವಿಧಾನದಿಂದ ಗುರುತಿಸದಿದ್ದುದರಿಂದ ತಕರಾರುಗಳು ಬೆಳೆದವು. 1996ರಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆಯ ಜಾರಿಗೆ ಕಟ್ಟುನಿಟ್ಟಿನ ನಿರ್ದೇಶನ ನೀಡಿತು. 1998ರ ತಿದ್ದುಪಡಿ ದೇಶದಾದ್ಯಂತ ಏಕರೂಪದ ಗುರುತಿಸುವಿಕೆಯನ್ನು ಕಡ್ಡಾಯಗೊಳಿಸಿತು.

2004ರ ಡಿಸೆಂಬರ್ 26ರ ಸುನಾಮಿ ಈ ಚರಿತ್ರೆಯ ದೊಡ್ಡ ತಿರುವು. ಪೂರ್ವ ತೀರದ ಜೊತೆಗೆ ಕೊಚ್ಚಿ, ಮರ್ಮಗೋವಾಗಳ ಮಾಪಕಗಳೂ ಅದನ್ನು ದಾಖಲಿಸಿದವು. ಆದರೆ ಆ ಮಾಹಿತಿ ಎಚ್ಚರಿಕೆಯಾಗಿ ಜನರನ್ನು ತಲುಪುವ ಏರ್ಪಾಡೇ ಇರಲಿಲ್ಲ. ಬಳಿಕ ಠಾಣೆಗಳು ತತ್‌ಕ್ಷಣ ಸಂಕೇತ ಕಳಿಸುವಂತಾದವು. 2007ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯಿಸ್ ಸಂಸ್ಥೆಯಲ್ಲಿ ಸುನಾಮಿ ಮುನ್ನೆಚ್ಚರಿಕಾ ಕೇಂದ್ರ ಆರಂಭವಾಯಿತು.

2011ರ ಅಧಿಸೂಚನೆ ಅಪಾಯ ರೇಖೆ ಎಂಬ ಹೊಸ ಗೆರೆ ತಂದಿತು. ಉಬ್ಬರ, ಅಲೆ, ಸಮುದ್ರ ಮಟ್ಟದ ಏರಿಕೆ ಮತ್ತು ತೀರದ ಕೊರೆತವನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಕಾನೂನು ಗೆರೆ ಇದು. ಗುರುತಿಸುವ ಹೊಣೆ ಸರ್ವೆ ಆಫ್ ಇಂಡಿಯಾದ್ದಾಗಿತ್ತು. ರೇಖೆ ಸಿದ್ಧವಾಗುವಷ್ಟರಲ್ಲಿ ಕಾನೂನೇ ಬದಲಾಯಿತು. 2019ರ ಅಧಿಸೂಚನೆ ಅದನ್ನು ವಲಯದ ಗಡಿಯಿಂದ ಬೇರ್ಪಡಿಸಿ, ವಿಪತ್ತು ನಿರ್ವಹಣೆಯ ಯೋಜನಾ ಸಾಧನವಾಗಿ ಮಾತ್ರ ಉಳಿಸಿಕೊಂಡಿತು. ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷಿದ್ಧ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಇಕ್ಕಟ್ಟಿನಲ್ಲಿ ಬದುಕುವ ಕರಾವಳಿ ಜನರಿಗೆ ಮನೆ ಕಟ್ಟಿಕೊಳ್ಳಲು ಜಾಗ ಬೇಕು ಎಂಬುದು ಬದಲಾವಣೆಯ ಪರವಾದ ವಾದ. ತಗ್ಗು ತೀರಕ್ಕೆ ಇನ್ನಷ್ಟು ಕಟ್ಟಡಗಳನ್ನು ಆಹ್ವಾನಿಸಿದಂತಾಗುತ್ತದೆ ಎಂಬುದು ವಿರೋಧದ ವಾದ. ಇದು ಇತ್ಯರ್ಥವಾಗದ ಪ್ರಶ್ನೆ.

ಕರ್ನಾಟಕ ಕರಾವಳಿ ಮತ್ತು ಕಡಲ್ಕೊರೆತ

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990–2018ರ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ಮುಖ್ಯಭೂಮಿಯ ತೀರದಲ್ಲಿ ಶೇ. 33.6 ಕೊರೆತಕ್ಕೆ ಸಿಕ್ಕಿದೆ, ಶೇ. 26.9 ಬೆಳೆದಿದೆ, ಉಳಿದದ್ದು ಸ್ಥಿರವಾಗಿದೆ ಎಂದು ವರದಿ ಮಾಡಿತು. ಕೊರೆತದ ಪ್ರಮಾಣ ಪಶ್ಚಿಮ ಬಂಗಾಳದಲ್ಲಿ ಶೇ. 60.5, ಕೇರಳದಲ್ಲಿ 46.4, ಕರ್ನಾಟಕದಲ್ಲಿ 23.7. ಕಾಲು ಭಾಗಕ್ಕಿಂತಲೂ ಹೆಚ್ಚು ತೀರ ಬೆಳೆದಿದೆ ಎಂಬ ಅಂಶ, ಕಡಲ್ಕೊರೆತಕ್ಕೆ ಸಮುದ್ರ ಮಟ್ಟದ ಏರಿಕೆಯೊಂದೇ ಕಾರಣ ಎಂಬ ಪ್ರಚಲಿತ ವಿವರಣೆಯನ್ನು ಪ್ರಶ್ನಿಸುತ್ತದೆ. ಏರಿಕೆ ಎಲ್ಲ ಕಡೆ ಇದೆ, ಕೊರೆತ ಎಲ್ಲ ಕಡೆ ಇಲ್ಲ. ತೀರದುದ್ದಕ್ಕೂ ಮರಳು ಹೇಗೆ ಸಾಗುತ್ತದೆ, ಅಣೆಕಟ್ಟು ಮತ್ತು ಮರಳು ತೆಗೆಯುವಿಕೆಯಿಂದ ನದಿ ತರುವ ಮರಳು ಎಷ್ಟು ಕಡಿಮೆಯಾಗಿದೆ, ಬಂದರಿನ ಗೋಡೆಗಳು ಎಲ್ಲಿ ಅಡ್ಡ ನಿಂತಿವೆ ಎಂಬುದೂ ಲೆಕ್ಕಕ್ಕೆ ಬರಬೇಕು.

ನೇತ್ರಾವತಿ-ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲ ಇದಕ್ಕೆ ತಕ್ಕ ಉದಾಹರಣೆ. 1990ರ ದಶಕದಲ್ಲಿ ಅಳಿವೆಯ ಬಾಯಿಗೆ ಅಲೆತಡೆಗೋಡೆಗಳು ಬಂದ ಮೇಲೆ ಅಲ್ಲಿ ಕೊರೆತ ತೀವ್ರವಾಯಿತು. ವರ್ಷ ವರ್ಷವೂ ಕಲ್ಲು ಸುರಿಯುವುದೇ ಪರಿಹಾರವಾಗಿತ್ತು. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲ ಮಂಜೂರು ಮಾಡಿದ ಯೋಜನೆಯಲ್ಲಿ ದಡದಿಂದಾಚೆ ಕೃತಕ ದಿಬ್ಬಗಳನ್ನು ನಿರ್ಮಿಸಿ, ಹಳೆಯ ಗೋಡೆಗಳನ್ನು ಮರುರೂಪಿಸುವ ಮಾರ್ಗ ಹಿಡಿಯಲಾಯಿತು. ಕಾರಣವನ್ನು ಸಮುದ್ರ ಮಟ್ಟದ ಮೇಲೆ ಹೊರಿಸಿ ಕೈತೊಳೆದರೆ ಗೋಡೆಯ ವಿನ್ಯಾಸ, ಮರಳಿನ ಲೆಕ್ಕ ಯಾವುದೂ ಪರಿಶೀಲನೆಗೆ ಬರುವುದಿಲ್ಲ. ಹಾಗೆಂದು ಏರಿಕೆಯನ್ನು ಕಡೆಗಣಿಸಿದರೆ ಇಂದು ಕಟ್ಟುವ ಗೋಡೆ ಮುಂದಿನ ಅರ್ಧ ಶತಮಾನಕ್ಕೆ ಸಾಲದಾಗುತ್ತದೆ. ಒಂದು ಊರಿನ ತೀರಕ್ಕೆ ಯೋಜನೆ ರೂಪಿಸುವಾಗ ಆ ಊರಿನ ಹತ್ತಿರದ ಮಾಪಕದ ದೀರ್ಘ ದಾಖಲೆ, ಅದರ ನೆಲದ ಚಲನೆ ಮತ್ತು ಮರಳಿನ ಹರಿವು ಮೂರನ್ನೂ ಒಟ್ಟಿಗೆ ಓದಬೇಕೆಂಬುದು ಸುಮಾರು 150 ವರ್ಷಗಳ ಈ ಮಾಪನ ಚರಿತ್ರೆಯಿಂದ ದೊರೆಯುವ ಸ್ಪಷ್ಟ ಪಾಠ.