ಬೇಲಿಯಿಂದ ಕಾಡಿಗೆ: ದಕ್ಷಿಣ ಕರ್ನಾಟಕದಲ್ಲಿ ಲಂಟಾನದ ಚರಿತ್ರೆ

ಲಂಟಾನ ನಮ್ಮ ಕಾಡುಗಳನ್ನು ನುಂಗಿತು ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಆದರೆ ಈ ಗಿಡವನ್ನು ತಂದವರು, ನೆಟ್ಟವರು, ಅದಕ್ಕೆ ನೆಲ ತೆರವು ಮಾಡಿಕೊಟ್ಟವರು ಆ ಮಾತಿನಲ್ಲಿ ಕಾಣುವುದಿಲ್ಲ. ಲಂಟಾನದ ಹರಡುವಿಕೆಯನ್ನು ಭೂಬಳಕೆಯ ಚರಿತ್ರೆಯಾಗಿಯೇ ಓದಬೇಕು ಎಂಬುದು ಈ ಲೇಖನದ ವಾದ.

ಲಂಟಾನ ಕಮಾರಾ ಉಷ್ಣವಲಯದ ಅಮೆರಿಕದ ಪೊದೆಗಿಡ. ಹದಿನೇಳನೇ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿನ ಗಾಜಿನ ಮನೆಗಳಲ್ಲಿ ಸಂಕರಗೊಂಡು ನೂರಾರು ತಳಿಗಳಾದವು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಹೆಸರಿಟ್ಟರು. ಒಂದೇ ಗೊಂಚಲಿನಲ್ಲಿ ನಡುವಿನ ಎಳೆಯ ಹೂ ಹಳದಿಯಾಗಿದ್ದು, ಅಂಚಿನ ಬಲಿತ ಹೂ ಕೆಂಪು ಅಥವಾ ಗುಲಾಬಿಗೆ ತಿರುಗಿರುತ್ತದೆ. ತೋಟಗಾರರನ್ನು ಸೆಳೆದದ್ದು ಈ ಬಣ್ಣದಾಟ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಭಾರತಕ್ಕೆ ಅದು ಒಂದೇ ಬಾಗಿಲಿನಿಂದ ಬಂದದ್ದಲ್ಲ, ಬೇರೆ ಬೇರೆ ಕಡೆ ಬೇರೆ ಬೇರೆ ಕಾಲಕ್ಕೆ ಬಂತೆಂದು ನಂತರದ ಅಧ್ಯಯನಗಳು ತೋರಿಸಿವೆ.

ಉದ್ಯಾನದಿಂದ ಅದು ಬೇಲಿಗೆ ಇಳಿಯಿತು. ಕಡ್ಡಿ ಊರಿದರೆ ಚಿಗುರುತ್ತದೆ, ನೀರು ಕೇಳುವುದಿಲ್ಲ. ದನ ಅದಕ್ಕೆ ಬಾಯಿ ಹಾಕುವುದು ಕಡಿಮೆ, ಮೇವಿಲ್ಲದೆ ತಿಂದರೆ ಎಲೆಯಲ್ಲಿರುವ ಲಂಟಾಡೀನ್ ವಿಷದಿಂದ ಕಾಮಾಲೆ ತಗಲುತ್ತದೆ. ರೈತನಿಗೆ ಇದಕ್ಕಿಂತ ಅಗ್ಗದ ಬೇಲಿ ಬೇರೆ ಇರಲಿಲ್ಲ. ಹಣ್ಣು ಕಪ್ಪಾದೊಡನೆ ಪಿಕಳಾರಗಳು ತಿಂದು ಬೀಜವನ್ನು ದೂರಕ್ಕೆ ಒಯ್ದವು.

ಕೊಡಗಿನ ಪ್ರಕರಣ ಹೆಚ್ಚು ಗಮನ ಬೇಡುತ್ತದೆ. 1860ರ ದಶಕದಲ್ಲಿ ಕಾಂಡಕೊರಕ ಹುಳು ಅಲ್ಲಿನ ಕಾಫಿ ತೋಟಗಳನ್ನು ಹಾಳುಮಾಡಿತು. ಕಾಡು ಕಡಿದು ಮಾಡಿದ್ದ ಎಷ್ಟೋ ತೋಟಗಳು ಪಾಳುಬಿದ್ದವು. ನೆರಳಿಲ್ಲದ, ಸಡಿಲಗೊಂಡ ಆ ಮಣ್ಣಿನಲ್ಲಿ ಲಂಟಾನ ಬೇರೂರಿತು. 1916ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಎಚ್. ಟೈರ್‌ಮನ್ ಕೊಡಗಿನ ಅರಣ್ಯಗಳ ಲಂಟಾನದ ಬಗ್ಗೆಯೇ ಪ್ರತ್ಯೇಕ ಲೇಖನ ಬರೆಯುವಷ್ಟು ಅದು ಹಬ್ಬಿತ್ತು. ಈ ನಡುವೆ 1899ರಲ್ಲಿ ಶ್ರೀಗಂಧದ ಸ್ಪೈಕ್ ರೋಗ ಕೊಡಗಿನಲ್ಲೇ ಮೊದಲು ವರದಿಯಾಗಿತ್ತು. ಗಂಧದ ಮರಗಳ ಸುತ್ತ ಹಬ್ಬಿದ್ದ ಲಂಟಾನದ ಮೇಲೂ ಸಂಶಯ ಬಿತ್ತು. ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ತಿಳಿದದ್ದು ಬಹಳ ನಂತರ.

ಕೀಟಗಳನ್ನು ಬಿಟ್ಟು ಲಂಟಾನವನ್ನು ಅಡಗಿಸುವ ಪ್ರಯತ್ನ ಮೊದಲಾದದ್ದು ಹವಾಯಿಯಲ್ಲಿ. 1902ರಲ್ಲಿ ಕೀಟಶಾಸ್ತ್ರಜ್ಞ ಆಲ್ಬರ್ಟ್ ಕೋಬೆಲೆ ಮೆಕ್ಸಿಕೊದಿಂದ ಅಲ್ಲಿಗೆ ಕೀಟಗಳನ್ನು ಕಳಿಸಿದರು. ಭಾರತದಲ್ಲಿ ವೈ. ರಾಮಚಂದ್ರ ರಾವ್ ಲಂಟಾನದ ಮೇಲಿನ ಕೀಟಗಳನ್ನೆಲ್ಲ ಸಮೀಕ್ಷೆ ಮಾಡಿ 1920ರಲ್ಲಿ ವರದಿ ಪ್ರಕಟಿಸಿದರು. 1941ರಲ್ಲಿ ಆಸ್ಟ್ರೇಲಿಯಾದಿಂದ ಟೆಲಿಯೋನೀಮಿಯಾ ಎಂಬ ತಿಗಣೆ ಜಾತಿಯ ಕೀಟ ತರಿಸಿ ಡೆಹ್ರಾಡೂನ್‌ನಲ್ಲಿ ಸಾಕಿದರು. ಅದು ತೇಗದ ಹೂವನ್ನೂ ತಿನ್ನುವುದು ಕಂಡು ಹೆದರಿ ನಾಶಮಾಡಿದರು. ಆದರೂ ಅದು ಹೇಗೋ ತಪ್ಪಿಸಿಕೊಂಡು ಹೊರಗೆ ಹರಡಿತು. ತೇಗಕ್ಕೆ ಕೇಡಾಗಲಿಲ್ಲ, ಲಂಟಾನವೂ ಸೋಲಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿ ಸೋಲಿಗರ ನೆನಪುಗಳು ನನ್ನ ಮಟ್ಟಿಗೆ ಈ ಚರಿತ್ರೆಯ ಬಹುಮುಖ್ಯ ಆಕರ. ಅವರು ಬೇಸಿಗೆಯ ಆರಂಭದಲ್ಲಿ ನೆಲದ ಒಣಗಿದೆಲೆಗೆ ‘ತರಗು ಬೆಂಕಿ’ ಇಡುತ್ತಿದ್ದರು. ಮೊಣಕಾಲೆತ್ತರವನ್ನೂ ಮುಟ್ಟದೆ ಸರಿದುಹೋಗುವ ಆ ಬೆಂಕಿಯಲ್ಲಿ ಲಂಟಾನದ ಎಳೆಸಸಿ ಸಾಯುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ‘ಉಪ್ಪಿಲು’ ಎಂಬ ಬಂದಳಿಕೆಯೂ ಹದ್ದುಬಸ್ತಿನಲ್ಲಿರುತ್ತಿತ್ತು ಎಂಬುದು ಅವರ ವಿವರಣೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. 1997ರಲ್ಲಿ ಅಳೆದಿದ್ದ ಕಾಡಿನ ತುಣುಕುಗಳನ್ನು ಸಂಶೋಧಕರಾದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಬಹಳಷ್ಟು ಏರಿತ್ತು. ಗಿಡ ಬಲಿತ ಮೇಲೆ ಬೆಂಕಿಯಿಂದ ಪ್ರಯೋಜನವಿಲ್ಲ. ಒಣ ಪೊದೆ ಜ್ವಾಲೆಯನ್ನು ಮರದ ತಲೆಗೇರಿಸುತ್ತದೆ, ಬುಡ ಮತ್ತೆ ಚಿಗುರುತ್ತದೆ. ಆದ್ದರಿಂದ ಹಳೆಯ ಬೆಂಕಿಯನ್ನು ಹಾಗೆಯೇ ಮರಳಿ ತರುವುದು ಪರಿಹಾರವಲ್ಲ. ಆದರೆ ಸೋಲಿಗರ ವಿವರಣೆಯನ್ನು ಇಷ್ಟು ವರ್ಷ ದಂತಕಥೆಯಂತೆ ಬದಿಗಿಟ್ಟದ್ದು ಅನ್ಯಾಯ.

ಲಂಟಾನದ ಬಳಕೆಯ ಹೊಸ ಅಧ್ಯಾಯ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ತೆರೆದಿದೆ. ಅಶೋಕ ಟ್ರಸ್ಟ್ (ಏಟ್ರೀ) ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಅಲ್ಲಿನವರು ಲಂಟಾನದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತರು. ಕಡಿದ ಕೋಲನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ಬೇಕಾದಂತೆ ಬಾಗಿಸುತ್ತಾರೆ. ಬಿದಿರು, ಬೆತ್ತ ಕಷ್ಟವಾದ ಕಾಲದಲ್ಲಿ ಇದು ಕೈಗೆ ಸಿಕ್ಕ ಕಚ್ಚಾವಸ್ತು. ನೀಲಗಿರಿಯ ಗೂಡಲೂರಿನ ಆದಿವಾಸಿ ಕುಶಲಕರ್ಮಿಗಳು ಹೆಣೆದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಕುಟುಂಬಗಳಿಗೆ ಈ ಆದಾಯ ದೊಡ್ಡದು. ಆದರೆ ಕಾಡು ಶುದ್ಧವಾಗಲು ಇದು ಸಾಲದು, ಏಕೆಂದರೆ ದೇಶದ ಅರಣ್ಯಗಳಲ್ಲಿ ಲಂಟಾನ ಆವರಿಸಿರುವುದು ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಕೋಲು ಕಡಿದರೆ ಬುಡ ಉಳಿಯುತ್ತದೆ. ಸಸ್ಯವಿಜ್ಞಾನಿ ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರೂಪಿಸಿದ ವಿಧಾನದಲ್ಲಿ ಮಣ್ಣಿನ ಕೆಳಗೆ, ಚಿಗುರೊಡೆಯುವ ಭಾಗಕ್ಕಿಂತ ತಗ್ಗಿನಲ್ಲಿ ತಾಯಿಬೇರನ್ನು ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಬಿಡುತ್ತಾರೆ. ಅದಾದ ಮೇಲೆ ತೆರವಾದ ಜಾಗದಲ್ಲಿ ಹುಲ್ಲು, ಸ್ಥಳೀಯ ಸಸಿಗಳನ್ನು ಎಬ್ಬಿಸಿ, ಪಕ್ಷಿಗಳು ಬೀಳಿಸಿದ ಬೀಜದ ಮೊಳಕೆಯನ್ನು ಕೆಲವು ವರ್ಷ ಕೀಳುತ್ತಲೇ ಇರಬೇಕು.